ಮಾಸ್ತರರ ಚಿತ್ರಗಳನ್ನು ಸಿನಿಮಾಕ್ಕೆ ತಂದಿದ್ದು

ಅಂಕೋಲೆ ಕಡೆಯ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರ ಬಗ್ಗೆ ಸಣ್ಣ ಸಾಕ್ಷ್ಯಚಿತ್ರ ಮಾಡಲು ಹೊರಟಾಗ ಒಂದು ಮಾತು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಅವರು ಕುರ್ಚಿಯಲ್ಲಿ ಕೂತು ಮಾತಾಡುವುದು, ನಡುನಡುವೆ ಗೋಡೆಯ ಮೇಲಿನ ಚಿತ್ರ, ಹಿಂದೆ ಕೊಳಲು. ಇದು ಬೇಡ. ಹಾಗೆ ಮಾಡಿದರೆ ಚಿತ್ರಗಳು ಕೋರ್ಟಿಗೆ ಸಾಕ್ಷಿ ಹೇಳಲು ಬಂದವರ ಹಾಗೆ ನಿಂತು ಹೋಗುತ್ತವೆ. ಕತೆಯನ್ನು ಅವೇ ನಡೆಸಬೇಕು.

ಫ್ರೆಂಚ್ ನಿರ್ದೇಶಕ ಅಲೆನ್ ರೆನೆ 1948ರಲ್ಲಿ ಚಿತ್ರಕಾರ ವ್ಯಾನ್ ಗೋ ಬಗ್ಗೆ ಮಾಡಿದ ಕಿರುಚಿತ್ರ ನೋಡಿ ಧೈರ್ಯ ಬಂತು. ಅದರಲ್ಲಿ ನಟರಿಲ್ಲ, ಊರಿನ ಶಾಟ್ ಇಲ್ಲ. ಬರೀ ಅವನ ಚಿತ್ರಗಳು, ಅದೂ ಕಪ್ಪು-ಬಿಳುಪಿನಲ್ಲಿ! ಚೌಕಟ್ಟು ಕಾಣುವುದಿಲ್ಲವಾದ್ದರಿಂದ ಒಂದು ಚಿತ್ರದಿಂದ ಇನ್ನೊಂದಕ್ಕೆ ಕಟ್ ಆದಾಗ ಒಂದೇ ಲೋಕದಲ್ಲಿ ಓಡಾಡಿದಂತೆ ಅನಿಸುತ್ತದೆ. ರಷ್ಯದ ನಿರ್ದೇಶಕ ತಾರ್ಕೊವ್‌ಸ್ಕಿಯ 'ಆಂದ್ರೇ ರುಬ್ಲೆವ್' ಹಿಡಿದದ್ದು ಬೇರೆಯೇ ದಾರಿ. ಅಷ್ಟುದ್ದದ ಸಿನಿಮಾ ಕಪ್ಪು-ಬಿಳುಪಿನಲ್ಲಿ ಸಾಗಿ, ಕೊನೆಗೆ ಹಳೆಗಾಲದ ಚಿತ್ರಕಾರ ರುಬ್ಲೆವ್ ಬರೆದ ದೇವರ ಚಿತ್ರಗಳು, ಅಂದರೆ ಐಕಾನ್‌ಗಳು ಬಣ್ಣದಲ್ಲಿ ಬರುತ್ತವೆ. ನಾನು ರೆನೆಯ ದಾರಿ ಹಿಡಿದೆ.

ಮಾಸ್ತರರ ತೈಲವರ್ಣಗಳಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಸಂತೆಯಲ್ಲಿ ಕೂತ ಹಾಲಕ್ಕಿ ಸಮುದಾಯದ ಹೆಂಗಸರ ಚಿತ್ರ. ಎರಡೂ ಬದಿಯಿಂದ ನಲವತ್ತೈದು ಡಿಗ್ರಿಯಲ್ಲಿ ಎಲ್‌ಇಡಿ ಇಟ್ಟರೆ ಬೆಳಕು ಸಮನಾಗಿ ಬೀಳುತ್ತದೆ, ಬಣ್ಣವೂ ಸರಿ ಬರುತ್ತದೆ. ಆದರೆ ಕ್ಯಾಲೆಂಡರ್ ಫೋಟೋದಂತೆ ಸಪ್ಪೆ. ಒಂದು ಲೈಟ್ ಆರಿಸಿ, ಇನ್ನೊಂದನ್ನು ಕ್ಯಾನ್ವಾಸಿನ ಅಂಚಿಗೆ ತಂದು, ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ ಓರೆಯಾಗಿ ಬಿಟ್ಟೆ. ಕುತ್ತಿಗೆ ತುಂಬಿದ ಮಣಿಸರಗಳ ಒಂದೊಂದು ಮಣಿಯೂ ಎದ್ದು ನಿಂತಿತು. ಮಾಸ್ತರರು ಅವನ್ನು ಬ್ರಷ್‌ನಲ್ಲಿ ಅಲ್ಲ, ಚಾಕುವಿನ ತುದಿಯಲ್ಲಿ ಬಣ್ಣ ಎತ್ತಿ ಇಟ್ಟಿದ್ದರು ಅಂತ ಗೊತ್ತಾಗಿದ್ದು ಆಗಲೇ. ಮಳೆಗಾಲದಲ್ಲಿ ಹಿಡಿದ ಬೂಷ್ಟೂ ಕಂಡಿತು. ಒರೆಸಲಿಲ್ಲ, ಕರಾವಳಿಯ ಕ್ಯಾನ್ವಾಸ್ ಅಲ್ವಾ. ಆ ಮಣಿಗಳ ಮೇಲೆ ಕ್ಯಾಮೆರಾ ನಿಧಾನ ಸರಿಯುವಾಗ ಅಂಕೋಲೆ ಸಂತೆಯ ಚೌಕಾಸಿ ಮಾತು ಕೇಳಿಸಿದೆ. ಸಂತೆಯ ಶಾಟ್ ಮಾತ್ರ ಹಾಕಿಲ್ಲ.

ಚಿತ್ರ ತೋರಿಸಿ, ಕೂಡಲೇ ಅದೇ ಜಾಗ ತೋರಿಸುವ ಚಾಳಿ ನನಗೆ ಇಷ್ಟವಿಲ್ಲ. ಹೋಲಿಕೆ ನೋಡಿ ಜನ ತಲೆಯಾಡಿಸುತ್ತಾರೆ, ಅಷ್ಟೇ. ಒಂದು ಕಡೆ ಮಾತ್ರ ಹಾಗೆ ಮಾಡಿದೆ. ಕಾರವಾರದ ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿಯಿತು. ಮಾಸ್ತರರ ಜಲವರ್ಣದಲ್ಲಿ ಅದು ಇನ್ನೂ ನೆಟ್ಟಗಿದೆ. ಸದಾಶಿವಗಡದ ಕಡೆಯಿಂದ ಅದೇ ಕೋನದಲ್ಲಿ ಈಗಿನ ನದಿಯನ್ನು ತೆಗೆದು, ಚಿತ್ರದ ಪಕ್ಕಕ್ಕೆ ಕಟ್ ಮಾಡಿದೆ.

ನಿಜವಾದ ತಲೆನೋವು ಉದ್ದುದ್ದ ಚಿತ್ರಗಳದು. ಪರದೆ ಅಡ್ಡ, ಚಿತ್ರ ಉದ್ದ. ಪೂರ್ತಿ ತೋರಿಸಿದರೆ ಎರಡೂ ಕಡೆ ಕಪ್ಪು ಪಟ್ಟಿ. ತುಂಬಿಸಿದರೆ ಮೇಲೆ ಕೆಳಗೆ ಕತ್ತರಿ. ಎಡಿಟ್ ನೋಡುತ್ತಿದ್ದ ಮಾಸ್ತರರು, "ತಮಾ, ನನ್ನ ಆಕಾಶ ಎಲ್ಲಿ ಹೋಯ್ತೋ?" ಅಂದರು. ಅವರ ಮಾತು ಸರಿ ಅನಿಸಿತು. ಈಗ ಪ್ರತಿ ಉದ್ದ ಚಿತ್ರವೂ ಮೊದಲು ತುಂಡುತುಂಡಾಗಿ ಬಂದು, ಕೊನೆಗೆ ಪಟ್ಟಿ ಸಮೇತ ಪೂರ್ತಿ ನಿಲ್ಲುತ್ತದೆ. ಮೊಬೈಲಿನಲ್ಲಿ ನೋಡುವವರಿಗೆ ಚಿತ್ರ ಇನ್ನೂ ಚಿಕ್ಕದಾಗುತ್ತದೆ, ಅದಕ್ಕೆ ನನ್ನ ಹತ್ತಿರ ಉಪಾಯವಿಲ್ಲ.