ಸಿಮೆಂಟ್ ಸೀಮೆಯಲ್ಲಿ ಸಿಮೆಂಟ್ ಉಳಿಸುವ ಎಂಜಿನಿಯರ್ ಆಗುವುದು ಹೇಗೆ

ಕಲಬುರಗಿಯಲ್ಲಿ ಸಿವಿಲ್ ಓದುವ ಹುಡುಗ ಹುಡುಗಿಯರು ನನ್ನನ್ನು ಜಾಸ್ತಿ ಕೇಳೋದು ಒಂದೇ ಪ್ರಶ್ನೆ. "ಸರ್, ಗ್ರೀನ್ ಬಿಲ್ಡಿಂಗ್ ಕಡೆ ಹೋಗಬೇಕು, ಯಾವ ಸರ್ಟಿಫಿಕೇಟ್ ಮಾಡಲಿ?" ಸರ್ಟಿಫಿಕೇಟ್ ಆಮೇಲೆ. ಮೊದಲು ಲೆಕ್ಕ ಕಲಿಯಿರಿ. ನೀವು ಡಿಸೈನ್ ಮಾಡಿದ ಮನೆಗೆ ಎಷ್ಟು ಚೀಲ ಸಿಮೆಂಟ್, ಎಷ್ಟು ಕೆಜಿ ಸರಳು, ಎಷ್ಟು ಗಾಡಿ ಉಸುಕು ಬೇಕು ಅಂತ ಥಟ್ಟನೆ ಹೇಳೋಕೆ ಬರಬೇಕು. ಅದರಲ್ಲಿ ಯಾವುದು ಬೇಕಿಲ್ಲದೆ ಹೋಗುತ್ತಿದೆ ಅಂತಲೂ ಗೊತ್ತಾಗಬೇಕು.

ಲೆಕ್ಕ ಶುರು ಮಾಡೋಕೆ ನಮ್ಮ ಜಿಲ್ಲೆಗಿಂತ ಒಳ್ಳೆ ಜಾಗ ಇಲ್ಲ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳನ್ನು ನೋಡಿಕೊಂಡೇ ಬೆಳೆದವರು ನಾವು. ಅಲ್ಲಿ ಸುಡುವುದು ಸುಣ್ಣದ ಕಲ್ಲು. 100 ಕೆಜಿ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 56 ಕೆಜಿ ಸುಣ್ಣ ಉಳಿಯುತ್ತದೆ, 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಕಲ್ಲಿನ ಹೊಟ್ಟೆಯಿಂದಲೇ ಬರುವ ಅನಿಲ ಇದು, ಎಂಥ ಇಂಧನ ಹಾಕಿ ಸುಟ್ಟರೂ ಬಂದೇ ಬರುತ್ತದೆ. ಇಂಧನದ ಹೊಗೆ ಬೇರೆ. ಎರಡೂ ಸೇರಿ 50 ಕೆಜಿಯ ಒಂದು ಸಾದಾ ಓಪಿಸಿ (ಬೂದಿ ಬೆರೆಸದ ಸಿಮೆಂಟ್) ಚೀಲಕ್ಕೆ ಸುಮಾರು 40 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ಇಟ್ಟುಕೊಳ್ಳಿ.

ಈಗ ಒಂದು ಸ್ಲ್ಯಾಬ್ ನೋಡೋಣ. 1000 ಚದರ ಅಡಿ, 6 ಇಂಚು ದಪ್ಪ. ಒಂದು ಗೋಡೆಯನ್ನು ಸರಿಯಾದ ಜಾಗಕ್ಕೆ ತಂದು ಸ್ಪ್ಯಾನ್ (ಆಸರೆಗಳ ನಡುವಿನ ಅಂತರ) ಚಿಕ್ಕದು ಮಾಡಿ, ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಬಾಗುವಿಕೆ ಪರೀಕ್ಷಿಸಿ, 5 ಇಂಚಿಗೆ ಇಳಿಸಿದರೆ ಸುಮಾರು 2.36 ಘನ ಮೀಟರ್ ಕಾಂಕ್ರೀಟ್ ಉಳಿಯುತ್ತದೆ. ಎಂ20 ದರ್ಜೆಯ ಕಾಂಕ್ರೀಟಿಗೆ ಘನ ಮೀಟರಿಗೆ 8 ಚೀಲ ಅಂದರೆ 18–19 ಚೀಲ. ಮಾಲೀಕರ ದುಡ್ಡೂ ಉಳಿಯಿತು, ಮುಕ್ಕಾಲು ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುವುದೂ ತಪ್ಪಿತು. ಇದಕ್ಕೆ ಬೇಕಾಗಿದ್ದು ಪ್ಲಾನ್ ಹಂತದಲ್ಲೇ ಆರ್ಕಿಟೆಕ್ಟ್ ಜೊತೆ ಕೂತು ಮಾತಾಡುವ ಧೈರ್ಯ, ಅಷ್ಟೇ. ನಾನು ಮೊದಲು ಕೆಲಸಕ್ಕೆ ಸೇರಿದ ಆಫೀಸಿನಲ್ಲಿ ಎಲ್ಲ ಮನೆಗೂ ಒಂದೇ ಕಾಲಂ, ಅದೇ ಸರಳು, ಹಳೆ ಡ್ರಾಯಿಂಗಿನ ಹೆಸರು ಬದಲಿಸಿ ಕೊಡುತ್ತಿದ್ದರು. ಎರಡು ವರ್ಷ ನಾನೂ ಹಾಗೇ ಮಾಡಿದೆ. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಎರಡನೆಯದು ನಮ್ಮ ನೆಲ. ಎರೆ ಮಣ್ಣು ಗೊತ್ತಿಲ್ಲದೆ ಈ ಭಾಗದಲ್ಲಿ ಸ್ಟ್ರಕ್ಚರಲ್ ಕೆಲಸಕ್ಕೆ ಕೈ ಹಾಕಬೇಡಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ದೊಡ್ಡ ಕಟ್ಟಡದ ಭಾರಕ್ಕೆ ಮಣ್ಣು ಸ್ವಲ್ಪ ಸುಮ್ಮನಿರುತ್ತದೆ, ಒಂದಂತಸ್ತಿನ ಹಗುರ ಮನೆಯನ್ನು ಮಾತ್ರ ಎತ್ತಿ ಇಳಿಸಿ ಗೋಡೆ ಸೀಳುತ್ತದೆ. ಇದಕ್ಕೆ ಹೆದರಿ ಜನ ಪಾಯಕ್ಕೆ ಸಿಕ್ಕಾಪಟ್ಟೆ ಕಾಂಕ್ರೀಟ್ ಸುರಿಯುತ್ತಾರೆ. ಉಬ್ಬು ಕುಗ್ಗು ಇರುವುದು ಮೇಲಿನ ಪದರದಲ್ಲಿ, ಸುಮಾರು ಮೂರೂವರೆ ಮೀಟರ್ ಕೆಳಗೆ ಮಣ್ಣು ಹೆಚ್ಚು ಅಲುಗಾಡಲ್ಲ. ಹಾಗಾಗಿ ತುದಿಯಲ್ಲಿ ಗಡ್ಡೆಯ ಹಾಗೆ ಅಗಲ ಮಾಡಿದ ಸಣ್ಣ ಪೈಲ್, ಅಂದರೆ ಅಂಡರ್ ರೀಮ್ಡ್ ಪೈಲ್, ಒಳ್ಳೆ ದಾರಿ. ಐಎಸ್ 2911ರ ಮೂರನೇ ಭಾಗ ಪೂರ್ತಿ ಇದರದ್ದೇ. ಎರೆ ಪದರ ತೆಳ್ಳಗಿದ್ದರೆ ಅದನ್ನು ತೆಗೆದು ಗರಸು ತುಂಬಿದರೂ ಸಾಕಾಗಬಹುದು. ಯಾವುದು ಸರಿ ಅನ್ನೋದನ್ನು ಮಣ್ಣು ಪರೀಕ್ಷೆ ಹೇಳಬೇಕು, ಅಭ್ಯಾಸ ಅಲ್ಲ.

ಹಳೆ ಮನೆಗಳಿಂದ ಕಲಿಯಿರಿ, ಆದರೆ ಕಣ್ಣು ತೆರೆದು ಕಲಿಯಿರಿ. ಶಹಾಬಾದ್ ಫರಸಿ, ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, 40 ಡಿಗ್ರಿ ದಾಟಿದ ಬಿಸಿಲಲ್ಲೂ ಒಳಗೆ ತಂಪು. ಅಂಥ ಮನೆಗಳೇ 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಕಡೆ ಮಲಗಿದವರ ಮೇಲೆ ಬಿದ್ದವು, ಸಾವಿರಾರು ಜನ ಸತ್ತರು. ಗುಂಡು ಕಲ್ಲು, ಮಣ್ಣಿನ ಗಾರೆ, ಒಳ ಮುಖಕ್ಕೂ ಹೊರ ಮುಖಕ್ಕೂ ಹೊಂದಿಕೆಯಿಲ್ಲದ ಗೋಡೆ, ತಲೆ ಮೇಲೆ ಭಾರದ ಮಾಳಿಗೆ. 2021ರಲ್ಲಿ ಚಿಂಚೋಳಿಯ ಗಡಿಕೇಶ್ವರದ ಜನ ಭೂಮಿ ನಡುಗಿ ಬೀದಿಯಲ್ಲಿ ರಾತ್ರಿ ಕಳೆದದ್ದು ನಿಮಗೂ ನೆನಪಿರಬೇಕು, ಅಲ್ವಾ? ಹಾಗಾಗಿ ಕಲ್ಲು ಗೋಡೆ ಕಟ್ಟುವುದಾದರೆ ಈ ಮುಖದಿಂದ ಆ ಮುಖಕ್ಕೆ ದಾಟುವ ಉದ್ದ ಕಲ್ಲುಗಳು, ಲಿಂಟಲ್ ಮಟ್ಟದಲ್ಲಿ (ಬಾಗಿಲು ಕಿಟಕಿಯ ತಲೆ ಮೇಲೆ) ಮನೆ ಸುತ್ತಲೂ ಕಾಂಕ್ರೀಟ್ ಪಟ್ಟಿ, ಮೂಲೆಗಳಿಗೆ ಸರಳು ಬೇಕೇ ಬೇಕು. ಭೂಕಂಪ ತಡೆಯುವ ಕಟ್ಟಡಗಳ ಮಾನಕಗಳಾದ ಐಎಸ್ 4326, 13827, 13828 ಓದಿ. ಸಿಮೆಂಟ್ ಉಳಿಸುವ ಹುಮ್ಮಸ್ಸಿನಲ್ಲಿ ಈ ಪಟ್ಟಿ ಬಿಟ್ಟವರನ್ನು ನಾನು ಎಂಜಿನಿಯರ್ ಅನ್ನಲ್ಲ.

ಇನ್ನು ಸಾಮಗ್ರಿ. ಒತ್ತಿ ಮಾಡುವ ಮಣ್ಣಿನ ಇಟ್ಟಂಗಿಗೆ ಸಾಮಾನ್ಯವಾಗಿ 5ರಿಂದ 8 ಪರ್ಸೆಂಟ್ ಸಿಮೆಂಟ್ ಸಾಕು, ಸುಡಬೇಕಿಲ್ಲ. ಬೀದರ್ ಕಡೆಯ ಕೆಂಪು ಮಣ್ಣು ಇದಕ್ಕೆ ಒಗ್ಗುತ್ತದೆ, ಎರೆ ಮಣ್ಣು ಒಗ್ಗಲ್ಲ. ಕಡಿಮೆ ವೆಚ್ಚದ ಮನೆಗಳಿಗೆ ಹೆಸರಾದ ಆರ್ಕಿಟೆಕ್ಟ್ ಲಾರಿ ಬೇಕರ್ ಹೇಳಿಕೊಟ್ಟ ರ‍್ಯಾಟ್ ಟ್ರ್ಯಾಪ್ ಜೋಡಣೆಯಲ್ಲಿ ಇಟ್ಟಂಗಿಯನ್ನು ಅಂಚಿನ ಮೇಲೆ ನಿಲ್ಲಿಸುವುದರಿಂದ ಗೋಡೆಯೊಳಗೆ ಪೊಳ್ಳು ಉಳಿಯುತ್ತದೆ, ಹತ್ತಿರ ಹತ್ತಿರ ಕಾಲು ಭಾಗ ಇಟ್ಟಂಗಿ ಕಡಿಮೆ, ಬಿಸಿಯೂ ಕಡಿಮೆ. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಅಂಗಡಿಯಲ್ಲೇ ಸಿಗುತ್ತದೆ, ಪಕ್ಕದ ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಬೂದಿ ರಾಶಿ ಇದೆ. ಎಲ್‌ಸಿ3 ಅನ್ನುವ ಹೊಸ ಸಿಮೆಂಟಿನಲ್ಲಿ ಕ್ಲಿಂಕರ್ (ಸುಣ್ಣದ ಕಲ್ಲು ಸುಟ್ಟು ಮಾಡುವ ಗಟ್ಟಿ ಉಂಡೆ) ಅರ್ಧದಷ್ಟೇ, ಉಳಿದದ್ದು ಹೆಚ್ಚಾಗಿ ಸುಟ್ಟ ಜೇಡಿ ಮತ್ತು ಸುಡದ ಸುಣ್ಣದ ಕಲ್ಲಿನ ಪುಡಿ. 2023ರಲ್ಲಿ ಇದಕ್ಕೂ ಐಎಸ್ 18189 ಬಂದಿದೆ. ಸಿಮೆಂಟ್ ಕಾರ್ಖಾನೆಯ ಲ್ಯಾಬ್ ಸೇರುವವರು ಇದನ್ನು ಈಗಲೇ ಓದಿಕೊಳ್ಳಿ.

ಎಲ್ಲಿ ಕಲಿಯುವುದು? ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಅಸ್ತ್ರ ಹೆಸರಿನಲ್ಲಿ ಶುರುವಾದ ಕೇಂದ್ರವೇ ಇಂದಿನ ಸುಸ್ಥಿರ ತಂತ್ರಜ್ಞಾನ ಕೇಂದ್ರ, ಮಣ್ಣಿನ ಇಟ್ಟಂಗಿಯ ಮೇಲೆ ಅವರ ಕೆಲಸ ದೊಡ್ಡದು. ಆರೋವಿಲ್ ಅರ್ಥ್ ಇನ್‌ಸ್ಟಿಟ್ಯೂಟ್ ಕಮಾನು, ಗುಮ್ಮಟ ಕಟ್ಟುವುದನ್ನು ಕೈಯಾರೆ ಮಾಡಿಸಿ ಕಲಿಸುತ್ತದೆ. ಅಲ್ಲಿಗೆ ಹೋಗುವ ಮುಂಚೆ ಒಂದು ಭಾನುವಾರ ಕಲಬುರಗಿ ಕೋಟೆಯ ಜಾಮಿ ಮಸೀದಿ, ಇನ್ನೊಂದು ಭಾನುವಾರ ಬೀದರ್‌ನ ಮಹಮೂದ್ ಗವಾನ್ ಮದರಸಾ ನೋಡಿ. ಒಂದು ಸರಳೂ ಇಲ್ಲದೆ ಭಾರ ಹೇಗೆ ನೆಲಕ್ಕಿಳಿಯುತ್ತದೆ ಅಂತ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ. ಐಜಿಬಿಸಿ, 'ಗೃಹ' (GRIHA) ಅನ್ನುವ ಗ್ರೀನ್ ಬಿಲ್ಡಿಂಗ್ ಸರ್ಟಿಫಿಕೇಟುಗಳು ಹೈದರಾಬಾದ್, ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಅರ್ಜಿ ಹಾಕುವಾಗ ಉಪಯೋಗಕ್ಕೆ ಬರುತ್ತವೆ. ಇಲ್ಲೇ ಇರುವವರು ನಿರ್ಮಿತಿ ಕೇಂದ್ರವನ್ನು ಮರೆಯಬೇಡಿ, ಕಡಿಮೆ ವೆಚ್ಚದ ಕಟ್ಟಡ ವಿಧಾನ ಹಬ್ಬಿಸೋದಕ್ಕೇ ಹುಟ್ಟಿದ ಸಂಸ್ಥೆ ಅದು. ಸರ್ಕಾರಿ ಎಂಜಿನಿಯರ್ ಹುದ್ದೆಗಳಲ್ಲಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ಮೀಸಲಾತಿ ಇದೆ. ಒಳಗಿದ್ದು ಒಂದು ಶಾಲೆ ಕಟ್ಟಡದ ಎಸ್ಟಿಮೇಟ್ ಬದಲಿಸಿದರೂ ಅದೇ ನಮೂನೆಯ ಹತ್ತು ಶಾಲೆ ಬದಲಾಗಬಹುದು.

ಸ್ವಂತ ಆಫೀಸು ತೆಗೆಯುವವರಿಗೆ ಒಂದು ಮಾತು. ಮಾಲೀಕರ ಮುಂದೆ "ಪರಿಸರ" ಅಂತ ಶುರು ಮಾಡಬೇಡಿ. ಎರಡು ಎಸ್ಟಿಮೇಟ್ ಪಕ್ಕಪಕ್ಕ ಇಡಿ, ಚೀಲದ ಲೆಕ್ಕ ತೋರಿಸಿ. ಹಾಗೇ ಒಬ್ಬ ಒಳ್ಳೆ ಗೌಂಡಿಯನ್ನು ಹಿಡಿದುಕೊಳ್ಳಿ. ಹೊಸ ಜೋಡಣೆಯನ್ನು ಮೊದಲು ಕಾಂಪೌಂಡ್ ಗೋಡೆಯಲ್ಲಿ ಇಬ್ಬರೂ ಸೇರಿ ಕಟ್ಟಿ ನೋಡಿ. ತಪ್ಪಾದ ದಿನದ ಕೂಲಿ ನೀವೇ ಕೊಡಿ. ಮುಂದಿನ ಸೈಟಿಗೆ ಅವರೇ ನಾಲ್ಕು ಜನಕ್ಕೆ ಕಲಿಸುತ್ತಾರೆ.