ಕುಂಟು ನಿಂತ ಮೇಲಿನ ಹತ್ತು ತಿಂಗಳು

2023ರ ಮೇ ತಿಂಗಳು. ಬೆಟಗೇರಿಯಲ್ಲಿ ಒಂದು ಮದುವೆ ಮೆರವಣಿಗೆ ಮುಗಿಸಿಕೊಂಡು ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದಿದ್ದೆ. ನನ್ನ ಕುದುರೆ ಕಸ್ತೂರಿಯ ಬೆನ್ನಿನ ಮೇಲಿನ ಜರಿ ಹಾಸು, ಕೊರಳ ಗೆಜ್ಜೆ ಎಲ್ಲ ಬಿಚ್ಚಿ, ದಿನದ ರೂಢಿಯಂತೆ ನಾಲ್ಕೂ ಕಾಲನ್ನು ಮೇಲಿನಿಂದ ಕೆಳಗೆ ಸವರುತ್ತಿದ್ದೆ. ಎಡ ಮುಂಗಾಲಿಗೆ ಬಂದಾಗ ಕೈ ನಿಂತಿತು. ಮೊಣಕಾಲಿಗೂ ಗೊರಸಿನ ಮೇಲಿನ ಗೆಣ್ಣಿಗೂ ನಡುವೆ, ಹಿಂಬದಿಯಲ್ಲಿ, ಬಿಗಿದ ಹಗ್ಗದಂತೆ ಕೈಗೆ ಸಿಗಬೇಕಾದ ನರ ಮೆತ್ತಗೆ ಉಬ್ಬಿತ್ತು. ಬಲಗಾಲಿಗಿಂತ ಬೆಚ್ಚಗಿತ್ತು. ಎರಡು ಬೆರಳಿನಿಂದ ಹಗುರಾಗಿ ಒತ್ತಿದೆ, ಕಾಲು ಎಳೆದುಕೊಂಡಳು.

ನಾವು ಕುದುರೆಯವರು ನರ ಅನ್ನುವುದನ್ನು ಡಾಕ್ಟರು ಟೆಂಡನ್ ಅನ್ನುತ್ತಾರೆ. ಕುದುರೆಯ ಮೊಣಕಾಲಿನ ಕೆಳಗೆ ಮಾಂಸಖಂಡವೇ ಇಲ್ಲ. ಎಲುಬು, ಚರ್ಮ, ನಡುವೆ ಈ ಟೆಂಡನ್‌ಗಳು, ಅಷ್ಟೇ. ಅಲ್ಲಿಗೆ ರಕ್ತ ಹರಿಯುವುದೂ ಕಡಿಮೆ, ಹಾಗಾಗಿ ಏಟು ಬಿದ್ದರೆ ಕೂಡುವುದು ಬಹಳ ನಿಧಾನ. ಇದು ನನಗೆ ತಿಳಿದದ್ದು ಒಂದು ಕುದುರೆಯನ್ನು ಹಾಳು ಮಾಡಿದ ಮೇಲೆ.

2011ರ ಮಾತು. ಅಪ್ಪ ಬಿಟ್ಟುಹೋದ ಟಾಂಗಾವನ್ನು ನಾನು ಗದಗ ಸ್ಟೇಶನ್ ಮುಂದೆ ಹೂಡುತ್ತಿದ್ದೆ. ಕುದುರೆ ರಾಜಾನಿಗೆ ಇದೇ ಜಾಗದಲ್ಲಿ ಇಂಥದೇ ಬಾವು ಬಂತು. ಬಿಸಿ ಇಟ್ಟಂಗಿಯನ್ನು ಅರಿವೆಯಲ್ಲಿ ಸುತ್ತಿ ಶಾಖ ಕೊಟ್ಟೆ. ಹೊಸ ಬಾವಿಗೆ ಶಾಖ ಕೊಟ್ಟರೆ ಬಾವು ಇನ್ನೂ ಏರುತ್ತದೆ ಅಂತ ಹೇಳುವವರು ಯಾರೂ ಇರಲಿಲ್ಲ. ಐದು ವಾರಕ್ಕೆ ಕುಂಟು ನಿಂತಿತು. ವಾಸಿಯಾಯಿತು ಅಂದುಕೊಂಡು ಗಾಡಿಗೆ ಹೂಡಿದೆ. ಎಂಟನೆಯ ದಿನ, ಸವಾರಿ ಹತ್ತಿಸಿಕೊಂಡು ತಿರುಗುವಾಗ, ಅವನ ಗೆಣ್ಣು ಒಮ್ಮೆಲೇ ನೆಲಕ್ಕೆ ತಾಗುವಷ್ಟು ಕುಸಿಯಿತು. ಆಮೇಲೆ ಅವನು ಗಾಡಿ ಎಳೆಯಲಿಲ್ಲ. ಮಾರಲು ಮನಸ್ಸಾಗದೆ ಮನೆಯ ಮುಂದೆಯೇ ಸಾಕಿದೆ, ಎರಡು ವರ್ಷ ಇದ್ದ. ಅವನ ಮುಖ ನೋಡುವುದೇ ಕಷ್ಟವಾಗುತ್ತಿತ್ತು.

ಹಾಗಾಗಿ ಕಸ್ತೂರಿಯ ಕಾಲು ಬೆಚ್ಚಗಾದ ರಾತ್ರಿ ನಾನು ಒಲೆ ಹಚ್ಚಲಿಲ್ಲ, ಐಸ್ ಹುಡುಕಿದೆ. ನಮ್ಮ ಓಣಿಗೆ ನಳದ ನೀರು ಬರುವುದು ಎಂಟು ದಿನಕ್ಕೊಮ್ಮೆ. ಪೈಪ್ ಹಿಡಿದು ಕಾಲ ಮೇಲೆ ನೀರು ಬಿಡುತ್ತ ನಿಲ್ಲುವುದು ನಮ್ಮಂಥವರಿಗೆ ಆಗದ ಮಾತು. ಲಾರಿಯ ಹಳೆಯ ಟ್ಯೂಬನ್ನು ಒಂದೂವರೆ ಮೊಳ ಕತ್ತರಿಸಿ, ಕಾಲಿಗೆ ಕೊಳವೆಯ ಹಾಗೆ ಏರಿಸಿ, ಕೆಳಗಿನ ತುದಿಯನ್ನು ಗೆಣ್ಣಿನ ಕೆಳಗೆ ಮೆತ್ತನೆಯ ಅರಿವೆಯಿಂದ ಕಟ್ಟಿದೆ. ಮೇಲಿನಿಂದ ಐಸ್ ಚೂರು, ಒಂದು ತಂಬಿಗೆ ನೀರು. ಸೋರಿದ ನೀರಿಗೆ ಕೆಳಗೆ ಬುಟ್ಟಿ. ಇಪ್ಪತ್ತು ನಿಮಿಷ ಇಟ್ಟು ಬಿಚ್ಚಿದೆ. ಬೆಳಗಾಗುವುದರೊಳಗೆ ಮತ್ತೆರಡು ಸಲ, ಮುಂದಿನ ಮೂರು ದಿನ ದಿನಕ್ಕೆ ನಾಲ್ಕು ಸಲ ಹೀಗೇ ಮಾಡಿದೆ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಐಸನ್ನು ಚರ್ಮಕ್ಕೆ ತಾಗಿಸಿ ಬಿಡಬಾರದು.

ಮರುದಿನ ಪಶುವೈದ್ಯರು ಬಂದರು. ವಯಸ್ಸಿನಲ್ಲಿ ನನ್ನ ಮಗಳಷ್ಟಿರುವ ಹೆಣ್ಣುಮಗಳು. ನಡೆಸಿ ನೋಡಿದರು, ಕಾಲೆತ್ತಿ ನರವನ್ನು ಇಂಚಿಂಚು ಒತ್ತಿ ನೋಡಿದರು. ನೋವು ಇಳಿಸಲು ಮೆಲಾಕ್ಸಿಕಾಂ ಐದು ದಿನಕ್ಕೆ ಬರೆದುಕೊಟ್ಟು, “ಆರನೇ ದಿನ ನಿಮ್ಮಷ್ಟಕ್ಕ ನೀವು ಮುಂದುವರಸಬ್ಯಾಡ್ರಿ ಕಾಕಾ, ಹೊಟ್ಟಿಯೊಳಗ ಹುಣ್ಣಾಗ್ತಾವ. ನೋವು ಗೊತ್ತಾಗಲಿಲ್ಲಂದ್ರ ಆಕಿ ಆ ಕಾಲ ಮ್ಯಾಲೇ ಭಾರ ಹಾಕ್ತಾಳ” ಅಂದರು. ಹಿಂದೆ ರಾಜಾನಿಗೆ ಔಷಧ ಅಂಗಡಿಯವರು ಕೊಟ್ಟಿದ್ದು ಡೈಕ್ಲೋಫೆನಾಕ್. ಅದನ್ನು ದನಕರು, ಕುದುರೆಗಳಿಗೆ ಕೊಡುವುದನ್ನು 2006ರಲ್ಲೇ ನಿಲ್ಲಿಸಿದ್ದಾರೆ ಅಂತ ಈ ಡಾಕ್ಟರೇ ಹೇಳಿದರು. ಆ ಔಷಧ ಮೈಯಲ್ಲಿರುವ ದನ ಸತ್ತರೆ, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವಂತೆ. ರಣಹದ್ದು ನಮ್ಮ ಕಡೆ ಕಾಣದಾದ ಮೇಲೆ ಈ ಮಾತು ಕೇಳಿ ಮನಸ್ಸಿಗೆ ನೋವಾಯಿತು.

ಇನ್ನು ಪಟ್ಟಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತಪ್ಪಾಗಿ ಕಟ್ಟಿದ ಪಟ್ಟಿಯಿಂದಲೇ ಒಳ್ಳೆಯ ನರ ಕೆಟ್ಟದ್ದನ್ನು ನಾನು ಕಂಡಿದ್ದೇನೆ. ಬರೀ ಕ್ರೇಪ್ ಪಟ್ಟಿಯನ್ನು ಚರ್ಮದ ಮೇಲೆ ಸುತ್ತಿದರೆ ಅದು ಒಂದೊಂದು ಸುತ್ತಿಗೂ ದಾರದ ಹಾಗೆ ಕೊರೆಯುತ್ತದೆ. ಒಳಗೆ ದಪ್ಪನೆಯ, ಎಲ್ಲೂ ಗಂಟಿಲ್ಲದ ಮೆತ್ತೆ ಬೇಕು. ಪೇಟೆಯಲ್ಲಿ ಸಿಗುವ ಹತ್ತಿಯ ಸುರುಳಿ ಎರಡು ದಿನಕ್ಕೆ ಮುದ್ದೆಯಾಗುತ್ತಿತ್ತು. ಆಗ ನಮ್ಮ ಮನೆಯಾಕಿ ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಏಳು ಪದರ ಮಾಡಿ ಕೌದಿ ಹೊಲಿದ ಹಾಗೆ ಸಣ್ಣ ಸಣ್ಣ ಹೊಲಿಗೆ ಹಾಕಿ ನಾಲ್ಕು ಮೆತ್ತೆ ಹೊಲಿದಳು. ಒಂದು ಮೆತ್ತೆ ಕಾಲನ್ನು ಎರಡೂವರೆ ಸುತ್ತು ಸುತ್ತುವಷ್ಟು ಉದ್ದ, ಮೊಣಕಾಲಿನ ಕೆಳಗಿನಿಂದ ಗೆಣ್ಣು ಮುಚ್ಚುವಷ್ಟು ಅಗಲ. ಅಂಚಿನಲ್ಲಿ ದಪ್ಪ ಮಡಿಕೆ ಬಾರದಂತೆ ಹೊಲಿದಿದ್ದಳು. ತೊಳೆದು ಒಣಹಾಕಿ ಮತ್ತೆ ಮತ್ತೆ ಬಳಸಿದೆವು, ಹನ್ನೊಂದು ತಿಂಗಳು ತಾಳಿದವು.

ಕಾಲು ಒಣಗಿರಬೇಕು, ಒಂದು ಹುಲ್ಲುಕಡ್ಡಿಯೂ ಒಳಗೆ ಉಳಿಯಬಾರದು. ಮೆತ್ತೆಯನ್ನು ಸುಕ್ಕಿಲ್ಲದೆ ಸುತ್ತಿ, ನಾಲ್ಕು ಇಂಚಿನ ಪಟ್ಟಿಯನ್ನು ನಡುಗಾಲಿನಲ್ಲಿ ಶುರುಮಾಡುತ್ತೇನೆ. ಮುಂದಿನ ಎಲುಬಿನಿಂದ ಹೊರಮಗ್ಗುಲಿಗೆ, ಅಲ್ಲಿಂದ ಹಿಂದಕ್ಕೆ, ಒಳಮಗ್ಗುಲಿನಿಂದ ಮತ್ತೆ ಮುಂದಕ್ಕೆ. ಕೆಳಗಿಳಿದು ಗೆಣ್ಣಿನ ಕೆಳಗೆ ಬಳಸಿ, ಮತ್ತೆ ಮೇಲೇರಿ ಮೊಣಕಾಲಿನ ಕೆಳಗೆ ಮುಗಿಸುವುದು. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ಬಿಗಿ ಮಾಡುವುದೇನಿದ್ದರೂ ಮುಂದಿನ ಎಲುಬಿನ ಮೇಲೆ; ಹಿಂದೆ ನರದ ಮೇಲೆ ಬಂದಾಗ ಎಳೆಯಬಾರದು. ಮೇಲೆ ಕೆಳಗೆ ಮೆತ್ತೆಯ ಅಂಚು ಅರ್ಧ ಇಂಚು ಹೊರಗೆ ಕಾಣಬೇಕು, ಅಂಚಿನಲ್ಲಿ ಒಂದು ಬೆರಳು ಸಲೀಸಾಗಿ ಹೋಗಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಿಚ್ಚಿ, ಕೈಯಾಡಿಸಿ, ಹೊಸದಾಗಿ ಕಟ್ಟುವುದು.

ಆ ಪಟ್ಟಿ ಕುದುರೆಯ ಭಾರ ಹೊರುತ್ತದೆ ಅಂತ ನಾನು ನಂಬಿದ್ದೆ. ಡಾಕ್ಟರು ತಿದ್ದಿದರು. ಇಷ್ಟು ದೊಡ್ಡ ಪ್ರಾಣಿಯ ಭಾರವನ್ನು ಅರಿವೆ ಹೊರಲಾರದು. ಪಟ್ಟಿಯ ಕೆಲಸ ಬಾವು ತಡೆಯುವುದು. ಭಾರ ಕಡಿಮೆ ಮಾಡುವುದು ವಿಶ್ರಾಂತಿಯೊಂದೇ.

ಒಳ್ಳೆಯ ಕಾಲಿಗೂ ಪಟ್ಟಿ ಕಟ್ಟಲು ಹೇಳಿದ್ದು ನನಗೆ ಹೊಸದು. ಎಡಗಾಲು ನೋಯುವಾಗ ಇಡೀ ಮುಂಭಾಗದ ಭಾರ ಬಲಗಾಲಿಗೆ ಬೀಳುತ್ತದೆ. ಹೀಗೆ ವಾರಗಟ್ಟಲೆ ನಿಂತರೆ ಆ ಕಾಲಿನ ಗೊರಸಿನ ಒಳಗೇ ಬಾವು ಬಂದು, ಗೊರಸು ಎಲುಬಿನಿಂದ ಬಿಡುತ್ತದೆ. ಆಮೇಲೆ ಕುದುರೆ ಉಳಿಯುವುದು ಕಷ್ಟ. ಅದಕ್ಕೇ ದಿನಾ ಎರಡು ಹೊತ್ತು ಬಲ ಗೊರಸಿನ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದೆ, ಗೆಣ್ಣಿನ ಬದಿಯಲ್ಲಿ ನಾಡಿ ಜೋರಾಗಿ ಬಡಿಯುತ್ತಿದೆಯೇ ಅಂತ ಹಿಡಿದು ನೋಡುತ್ತಿದ್ದೆ. ತಬೇಲದ ಕಲ್ಲುಹಾಸಿನ ಮೇಲೆ ಸಾ ಮಿಲ್‌ನಿಂದ ತಂದ ಕಟ್ಟಿಗೆ ಹೊಟ್ಟು ಗೇಣುದಪ್ಪ ಹಾಸಿದೆ. ಕಡಲೆ, ಹುರುಳಿ ನಿಲ್ಲಿಸಿ ಒಣ ಹುಲ್ಲು ಹೆಚ್ಚಿಸಿದೆ. ನಿಂತ ಕುದುರೆಗೆ ದುಡಿಯುವ ಕುದುರೆಯ ಕಾಳು ಹಾಕಿದರೆ ಹೊಟ್ಟೆಶೂಲೆ ಬರುತ್ತದೆ.

ಓಣಿಯ ಹಿರಿಯರು ಬಂದು ನೋಡಿ, “ಬರಿ ಹಾಕಿಸು, ನರ ಗಟ್ಟಿ ಆಕ್ಕತಿ” ಅಂದರು. ಒಬ್ಬರು ಕೇರು ಬೀಜದ ಎಣ್ಣೆ ಹಚ್ಚಲು ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅಪ್ಪನೂ ಎತ್ತುಗಳಿಗೆ ಬರೆ ಹಾಕಿಸುತ್ತಿದ್ದ. ಆದರೆ ಕಾದ ಕಬ್ಬಿಣ ಸುಡುವುದು ಚರ್ಮವನ್ನು. ಒಳಗಿನ ನರ ಅದರಿಂದ ಕೂಡುವುದಿಲ್ಲ, ನೋವಿನ ಮೇಲೊಂದು ಗಾಯವಾಗುತ್ತದೆ. ನಾನು ಕೈಮುಗಿದು ಬೇಡವೆಂದೆ.

ಹತ್ತು ದಿನ ಕಳೆದ ಮೇಲೆ ಸ್ಕ್ಯಾನ್ ಮಾಡಿದರು. ಮೊದಲೇ ಮಾಡಿದರೆ ಏಟು ಎಷ್ಟು ದೊಡ್ಡದು ಅಂತ ಪೂರ್ತಿ ಕಾಣದಂತೆ. ಪರದೆಯ ಮೇಲೆ ಬೆಳ್ಳಗೆ ಕಾಣುವ ನರದ ನಟ್ಟನಡುವೆ ಶೇಂಗಾಬೀಜದಷ್ಟು ಕಪ್ಪು ಕಲೆ. ಎಳೆಗಳು ಹರಿದ ಜಾಗ ಅದು. ಆಮೇಲೆ ಅವರು ಗೊರಸು ನೋಡಿ, “ಲಾಳ ಬದಲಿಸಿ ಎಷ್ಟು ದಿನಾ ಆತ್ರಿ?” ಅಂದರು. ನಾನು ತಲೆ ತಗ್ಗಿಸಿದೆ. ಲಗ್ನಸರಾಯಿಯ ಗದ್ದಲದಲ್ಲಿ ಮೂರು ತಿಂಗಳು ದಾಟಿತ್ತು. ಗೊರಸಿನ ಮುಂದಿನ ತುದಿ ಉದ್ದವಾಗಿ, ಹಿಮ್ಮಡಿ ಕುಸಿದು, ಪ್ರತಿ ಹೆಜ್ಜೆಗೂ ಹಿಂದಿನ ನರ ಜಗ್ಗುತ್ತಿತ್ತು. ಅದರ ಮೇಲೆ ಡಾಲ್ಬಿಯ ಸದ್ದಿಗೆ ಕಲ್ಲುರಸ್ತೆಯಲ್ಲಿ ಕುಣಿಸಿದ್ದೆ. ಈಗ ಆರು ವಾರಕ್ಕೊಮ್ಮೆ ಗೊರಸು ಕೆತ್ತಿಸುವುದನ್ನು ಬಿಡುವುದಿಲ್ಲ. ಎತ್ತಿಗೆ ಲಾಳ ಹೊಡೆಯುವವರು ನಮ್ಮಲ್ಲಿ ಸಿಗುತ್ತಾರೆ, ಕುದುರೆಯ ಗೊರಸು ಬಲ್ಲವರನ್ನು ಹುಬ್ಬಳ್ಳಿಯಿಂದ ಕರೆಸುತ್ತೇನೆ.

ಜೂನ್ ಅರ್ಧಕ್ಕೆ ಕುಂಟು ನಿಂತಿತು. ಕಷ್ಟ ಶುರುವಾದದ್ದೇ ಆಮೇಲೆ. ಕೂಡುವ ನರದಲ್ಲಿ ಹೊಸ ಎಳೆಗಳು ಮೊದಲು ಅಡ್ಡಾದಿಡ್ಡಿ ಹುಟ್ಟುತ್ತವೆ. ಅಳತೆಯಲ್ಲಿ ನಡೆಸಿದರೆ ಜಗ್ಗುವ ದಿಕ್ಕಿಗೆ ಸಾಲಾಗುತ್ತವೆ. ಸುಮ್ಮನೆ ಕಟ್ಟಿಹಾಕಿದರೆ ಮುದ್ದೆಯಾಗಿ ಉಳಿಯುತ್ತವೆ, ಓಡಿಸಿದರೆ ಹರಿಯುತ್ತವೆ. ಮೊದಲ ವಾರ ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ, ಹಗ್ಗ ಹಿಡಿದು ನಡಿಗೆ. ಮುಂದೆ ಡಾಕ್ಟರು ನೋಡಿ ಹೇಳಿದಷ್ಟೇ ಐದೈದು ನಿಮಿಷ ಏರಿಸಿದೆ. ಎರಿ ಹೊಲದ ಮೆತ್ತನೆಯ ಮಣ್ಣು ಬೇಡ, ಸುತ್ತು ತಿರುಗುವುದು ಬೇಡ, ಗಟ್ಟಿ ಸಮತಟ್ಟು ನೆಲದ ಮೇಲೆ ನೇರ ನಡಿಗೆ. ಸೆಪ್ಟೆಂಬರ್ ಹೊತ್ತಿಗೆ ನಸುಕಿನಲ್ಲಿ ಭೀಷ್ಮ ಕೆರೆಯ ತನಕ ಹೋಗಿಬರುತ್ತಿದ್ದೆವು. ತಂಗಾಳಿ ಬೀಸಿದರೆ ಕಸ್ತೂರಿ ಕಿವಿ ನಿಗುರಿಸಿ ಓಡಲು ನೋಡುವಳು. ಅವಳ ಕೊರಳ ಮೇಲೆ ಕೈಯಿಟ್ಟು ಮಾತಾಡಿಸುತ್ತ ತಡೆಯುತ್ತಿದ್ದೆ.

ತುಳಸಿ ಲಗ್ನ ಮುಗಿದು ನವೆಂಬರ್‌ನಲ್ಲಿ ಮದುವೆಗಳು ಶುರುವಾದಾಗ ಒಬ್ಬರು ಎರಡು ಪಟ್ಟು ಹಣ ಕೊಡುತ್ತೇನೆಂದು ಬಂದರು. ಕಾಲು ನೋಡಿದರೆ ಯಾವ ದೋಷವೂ ಕಾಣದು. ಕೈಯಲ್ಲಿ ದುಡ್ಡಿರಲಿಲ್ಲ, ಇನ್ನೊಂದು ಕುದುರೆಯ ಗಳಿಕೆಯಲ್ಲೇ ಮನೆ ನಡೆದಿತ್ತು. ನಾನು ಹ್ಞೂಂ ಅನ್ನುವ ಹಂತಕ್ಕೆ ಬಂದಿದ್ದೆ. ಒಳಗಿನಿಂದ ಮನೆಯಾಕಿ, “ರಾಜಾನ ನೆನಪಿಲ್ಲೇನ್ರಿ?” ಅಂದಳು. ಅದೇ ವಾರದ ಸ್ಕ್ಯಾನ್‌ನಲ್ಲಿ ಕಪ್ಪು ಕಲೆ ಮಾಸಿತ್ತು, ಆದರೆ ಎಳೆಗಳು ಇನ್ನೂ ಸಾಲಾಗಿರಲಿಲ್ಲ. ಜನವರಿಯಿಂದ ನಡಿಗೆಯ ನಡುವೆ ಎರಡೆರಡು ನಿಮಿಷ ದುಡಕಿ, ಅಂದರೆ ಹಗುರ ಓಟ, ಸೇರಿಸಿದೆವು.

2024ರ ಏಪ್ರಿಲ್‌ನಲ್ಲಿ ಡಾಕ್ಟರು ಹೂಂ ಅಂದ ಮೇಲೆ ಮೊದಲ ಮೆರವಣಿಗೆಗೆ ಕರೆದೊಯ್ದೆ. ಹನುಮಪ್ಪನ ಗುಡಿಯಿಂದ ಮದುವೆ ಮನೆಗೆ, ಅರ್ಧ ಕಿಲೋಮೀಟರೂ ಇಲ್ಲ. ಹುಡುಗರು ಕುಣಿಸಿರಿ ಅಂತ ಹಟ ಹಿಡಿದರು. ನಡೆಸುತ್ತೇನೆ, ಕುಣಿಸುವುದಿಲ್ಲ ಅಂತ ಮುಂಗಡ ಹಿಡಿಯುವಾಗಲೇ ಹೇಳಿದ್ದೆ, ಅದನ್ನೇ ಮತ್ತೆ ಹೇಳಿದೆ. ವರನ ಅಜ್ಜ ಮುಂದೆ ಬಂದು ಹುಡುಗರನ್ನು ಹಿಂದೆ ಕಳಿಸಿದರು. ಮನೆಗೆ ಬಂದು ಗೆಜ್ಜೆ ಬಿಚ್ಚಿ ಎಡಗಾಲು ಸವರಿದೆ. ಹರಿದಿದ್ದ ಜಾಗದಲ್ಲಿ ಸಣ್ಣ ಉಬ್ಬು ಉಳಿದಿದೆ, ಅದು ಹೋಗುವುದಿಲ್ಲ. ತಣ್ಣಗಿತ್ತು. ಒತ್ತಿದೆ, ಕಾಲು ಎಳೆದುಕೊಳ್ಳಲಿಲ್ಲ, ಹುಲ್ಲು ಮೇಯುತ್ತಲೇ ಇದ್ದಳು.