ಎಪಿಡಿ ಅಂದರೆ ಯಾವ ಎಪಿಡಿ? ಡಾಕ್ಟರ ಚೀಟಿಗೆ ಕೋಡ್ ಹೊಂದಿಸಿದ್ದು

ನಾನು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯೊಂದರಲ್ಲಿ ರೆಕಾರ್ಡ್ ವಿಭಾಗ ನೋಡಿಕೊಳ್ಳುತ್ತೇನೆ. ಓಪಿಡಿಗೆ ಕಂಪ್ಯೂಟರ್ ಬಂದಾಗ ಡಯಾಗ್ನೋಸಿಸ್‌ಗೆ ಸ್ನೋಮೆಡ್ ಸಿಟಿ ಕೋಡ್ ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು. ಸ್ನೋಮೆಡ್ ಸಿಟಿ ಅಂದರೆ ಒಂದೊಂದು ವೈದ್ಯಕೀಯ ಪದಕ್ಕೂ ಒಂದು ನಂಬರ್ ಕೊಟ್ಟಿರುವ ಅಂತರರಾಷ್ಟ್ರೀಯ ಪಟ್ಟಿ. ಭಾರತ 2014ರಿಂದ ಅದರ ಸದಸ್ಯ ದೇಶ, ಹಾಗಾಗಿ ಲೈಸೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ. ಪುಣೆಯ ಸಿ-ಡ್ಯಾಕ್ ಅನ್ನೋ ಸರ್ಕಾರಿ ಕಂಪ್ಯೂಟರ್ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಕೇಂದ್ರದಿಂದ ಫೈಲು ತರಿಸಿಕೊಂಡೆವು.

ಅದರಲ್ಲಿ ಮೂರು ಲಕ್ಷಕ್ಕೂ ಜಾಸ್ತಿ ನಮೂದುಗಳಿವೆ. ಹೊರಗೆ ರೋಗಿಗಳ ಸಾಲು ಇರುವಾಗ ಯಾವ ಡಾಕ್ಟರು ಅದರಲ್ಲಿ ಹುಡುಕುತ್ತಾ ಕೂರುತ್ತಾರೆ? ಅದಕ್ಕೇ ಉಲ್ಟಾ ಹೊರಟೆ. ಹಳೆಯ ಓಪಿಡಿ ಚೀಟಿಗಳನ್ನು ತೆಗೆದು, ನಮ್ಮ ಡಾಕ್ಟರುಗಳು ಏನು ಬರೆಯುತ್ತಾರೋ ಅದನ್ನೇ ಪಟ್ಟಿ ಮಾಡಿದೆ. ಕೆ/ಸಿ/ಓ ಡಿಎಂ (ಮೊದಲೇ ಗೊತ್ತಿರುವ ಶುಗರ್ ಕಾಯಿಲೆ), ಎಚ್‌ಟಿಎನ್ (ಬಿಪಿ), ಯುಆರ್‌ಟಿಐ (ಮೂಗು-ಗಂಟಲಿನ ಸೋಂಕು), ಎಪಿಡಿ. ತಿರುಗಾಮುರುಗಾ ಇವೇ.

ಬರೀ ಡಿಎಂ ಅಂತಿದ್ದರೆ 73211009. ಟೈಪ್ 2 ಅಂತ ಬರೆದಿದ್ದರೆ ಮಾತ್ರ 44054006. 'ಇಲ್ಲಿ ಬರುವವರೆಲ್ಲ ಟೈಪ್ 2 ತಾನೇ, ಸುಮ್ನೆ ಅದನ್ನೇ ಹಾಕಿ' ಅಂತ ಸಾಫ್ಟ್‌ವೇರ್ ಹುಡುಗರು ಹೇಳಿದರು. ನಾನು ಒಪ್ಪಲಿಲ್ಲ. ಡಾಕ್ಟರು ಹೇಳದ್ದನ್ನು ಕೋಡ್ ಹೇಳಬಾರದು, ಅಲ್ವಾ? ಎಫ್/ಎಚ್ ಡಿಎಂ ಅಂತಿದ್ದರೆ ಅದು ಮನೆಯವರಿಗಿರುವ ಶುಗರ್. ಅದಕ್ಕೆ 160303001 ಅಂತ ಬೇರೆಯೇ ಕೋಡ್ ಇದೆ. ಡಿಎಂ ಅನ್ನೋ ಎರಡಕ್ಷರ ಕಂಡ ತಕ್ಷಣ ಕೋಡ್ ಹಾಕಿದರೆ ತಾಯಿಯ ಕಾಯಿಲೆ ಮಗನ ಫೈಲಿಗೆ ಏರುತ್ತದೆ.

ಜಾಸ್ತಿ ತಲೆ ತಿಂದಿದ್ದು ಎಪಿಡಿ. ವಾರಕ್ಕೊಮ್ಮೆ ಬರುವ ಕಿಡ್ನಿ ಡಾಕ್ಟರನ್ನೇ ಕೇಳಿದೆ: 'ಸಾರ್, ನಿಮ್ಮ ಎಪಿಡಿ ಯಾವುದು?'

'ನನ್ನದು ಹೊಟ್ಟೆಯಲ್ಲಿ ಮಾಡೋ ಡಯಾಲಿಸಿಸ್ ಕಣಮ್ಮ. ಮೆಡಿಸಿನ್‌ನವರದು ಹೊಟ್ಟೆ ಉರಿ!'

ಈಗ ಎಪಿಡಿ ಅಂತ ಟೈಪ್ ಮಾಡಿದರೆ ಆಸಿಡ್ ಪೆಪ್ಟಿಕ್ ಡಿಸೀಸ್, ಆಟೊಮೇಟೆಡ್ ಪೆರಿಟೋನಿಯಲ್ ಡಯಾಲಿಸಿಸ್ ಎರಡೂ ಪೂರ್ತಿ ಹೆಸರಿನಲ್ಲಿ ಬರುತ್ತವೆ. ಡಾಕ್ಟರೇ ಒಂದನ್ನು ಒತ್ತಬೇಕು. ಯಾವ ವಿಭಾಗ ಅಂತ ನೋಡಿ ಕಂಪ್ಯೂಟರೇ ಆರಿಸುವ ವ್ಯವಸ್ಥೆ ಬೇಡ ಅಂದೆ. ಕಿಡ್ನಿ ರೋಗಿಗೂ ಹೊಟ್ಟೆ ಉರಿಯುತ್ತದೆ.

ಲ್ಯಾಬ್ ಕೆಲಸ ಸಲೀಸಾಯ್ತು. ಅಲ್ಲಿ ಲ್ಯಾಬ್ ಪರೀಕ್ಷೆಗಳಿಗೇ ಇರುವ ಲಾಯಿಂಕ್ ಕೋಡ್, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ 4548-4. ಇನ್ಶೂರೆನ್ಸ್‌ನವರು ಕೇಳುವ ಐಸಿಡಿ-10 (ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆ ಪಟ್ಟಿ) ಕೋಡಿಗೂ ಸ್ನೋಮೆಡ್ ಜೊತೆಗೇ ಹೊಂದಾಣಿಕೆ ಪಟ್ಟಿ ಬರುತ್ತದೆ.

ರಿಸೆಪ್ಷನ್‌ನಲ್ಲಿ ಬರೆದುಕೊಳ್ಳುವ 'ಗ್ಯಾಸ್ಟ್ರಿಕ್'ಗೆ ಮಾತ್ರ ನಾನು ಯಾವ ಕೋಡೂ ಕೊಡಲಿಲ್ಲ. ಹೊಟ್ಟೆ ಉಬ್ಬರಕ್ಕೂ ಅದೇ, ಎದೆ ಉರಿಗೂ ಅದೇ, ಒಮ್ಮೊಮ್ಮೆ ಹಾರ್ಟ್ ಅಟ್ಯಾಕ್‌ನ ನೋವಿಗೂ ಜನ ಅದನ್ನೇ ಹೇಳುತ್ತಾರೆ. ರೋಗಿ ಹೇಳಿದ್ದು ಹೇಳಿದ ಹಾಗೇ ಫೈಲಿನಲ್ಲಿರುತ್ತದೆ. ಡಾಕ್ಟರು ನೋಡಿ ಬರೆದ ಮೇಲೇ ಕೋಡ್.